ತುಂಡಾಗಿ ಬರುವ ‘ನಮಸ್ಕಾರ’

ಎರಡು ಕಂಪ್ಯೂಟರುಗಳ ನಡುವೆ ಸಂದೇಶ ಸಾಗಿಸುವ ಪುಟ್ಟ ಪ್ರೋಗ್ರಾಮ್ ಬರೆದಿದ್ದೀರಿ ಎನ್ನಿ. ಇಂಗ್ಲಿಷ್ ಪಠ್ಯ ಸಲೀಸಾಗಿ ತಲುಪುತ್ತದೆ. ಉದ್ದನೆಯ ಕನ್ನಡ ಪತ್ರ ಕಳಿಸಿದಾಗ ಮಾತ್ರ ನಡುವೆ ಎಲ್ಲೋ ಒಂದು ಅಕ್ಷರ ಮಾಯವಾಗಿ, ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕಪ್ಪು ಚೌಕಗಳು ಕೂತಿರುತ್ತವೆ. ಎಲ್ಲರೂ ಮೊದಲು ದೂರುವುದು ಫಾಂಟನ್ನು. ಆದರೆ ತಪ್ಪು ಇರುವುದು ಸಾಕೆಟ್‌ನಿಂದ ಪಠ್ಯ ಓದಿದ ರೀತಿಯಲ್ಲಿ.

ಸಾಕೆಟ್ ಎಂದರೆ ಜಾಲಸಂಪರ್ಕದ ಒಂದು ತುದಿ; ಪ್ರೋಗ್ರಾಮ್ ಬರೆಯುವುದೂ ಓದುವುದೂ ಅಲ್ಲೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಯುನಿಕ್ಸ್ ಜೊತೆ 1983ರಲ್ಲಿ ಬಂದ ಈ ವ್ಯವಸ್ಥೆಯೇ ಇಂದಿಗೂ ಬಳಕೆಯಲ್ಲಿದೆ. ಅದೇ ವರ್ಷದ ಜನವರಿ 1ರಂದು ಇಂದಿನ ಇಂಟರ್‌ನೆಟ್‌ಗೆ ಮೂಲವಾದ ಆರ್ಪಾನೆಟ್ ಜಾಲ, ಬೈಟ್ ಸಾಗಿಸುವ ನಿಯಮಾವಳಿಯಾದ ಟಿಸಿಪಿಗೆ ಬದಲಾಗಿತ್ತು.

ಸಂಪರ್ಕ ಕಡಿಯದಿರುವವರೆಗೆ ಟಿಸಿಪಿ ಬೈಟ್‌ಗಳನ್ನು ಕಳೆಯುವುದಿಲ್ಲ, ಹಿಂದುಮುಂದು ಮಾಡುವುದೂ ಇಲ್ಲ. ಆದರೆ ಒಂದು ಸಂದೇಶ ಎಲ್ಲಿ ಮುಗಿಯಿತು ಎಂಬುದು ಅದಕ್ಕೆ ತಿಳಿಯದು. ಕಾಲುವೆಗೆ ಎರಡು ಕೊಡ ನೀರು ಸುರಿದರೆ ಕೆಳಗೆ ನಿಂತವರಿಗೆ ಬರುವುದು ಬರೀ ನೀರು, ಕೊಡದ ಲೆಕ್ಕವಲ್ಲ. ಹಾಗೆಯೇ ಒಂದೇ ಬಾರಿ ಕಳಿಸಿದ ಸಂದೇಶ ಮೂರು ತುಂಡಾಗಿ ಬರಬಹುದು, ಮೂರು ಬಾರಿ ಕಳಿಸಿದ್ದು ಒಂದೇ ಸಲಕ್ಕೆ ಬಂದು ಬೀಳಬಹುದು.

ಇಲ್ಲೇ ಕನ್ನಡಕ್ಕೆ ಪೆಟ್ಟು. ‘ನಮಸ್ಕಾರ’ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ ಅದು ಏಳು ಸಂಕೇತ: ನ, ಮ, ಸ, ಅರ್ಧಾಕ್ಷರದ ಚಿಹ್ನೆ, ಕ, ದೀರ್ಘ, ರ. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಆದ್ದರಿಂದ ಎಲ್ಲಿ ಕತ್ತರಿಸಿದರೂ ಅಕ್ಷರ ಸೀಳುವುದಿಲ್ಲ. ನಮ್ಮ ‘ಕ’ 224, 178, 149 ಎಂಬ ಮೂರು ಬೈಟ್‌ಗಳಾಗಿ ಹೋಗುತ್ತದೆ. ಮೊದಲ ಸಲ 14 ಬೈಟ್ ಮಾತ್ರ ಬಂದರೆ 149 ಹಿಂದೆ ಉಳಿಯಿತು. ಬಂದಷ್ಟನ್ನೇ ಪಠ್ಯವಾಗಿಸಲು ಹೊರಟ ಪೈಥಾನ್ ಭಾಷೆಯ ಪ್ರೋಗ್ರಾಮ್ ದೋಷ ತೋರಿಸಿ ನಿಲ್ಲುತ್ತದೆ. ಬೇರೆ ಕೆಲವು ಪ್ರೋಗ್ರಾಮ್‌ಗಳು ಅಲ್ಲಿ ಕಪ್ಪು ಚೌಕ ಕೂರಿಸಿ ಸುಮ್ಮನಾಗುತ್ತವೆ. ಸುಮ್ಮನಾಗುವುದೇ ಹೆಚ್ಚು ಅಪಾಯ, ಏಕೆಂದರೆ ಯಾರದೋ ಹೆಸರು, ವಿಳಾಸ ಕೆಟ್ಟೇ ದಾಖಲಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಬಂದ ಬೈಟ್‌ಗಳನ್ನು ಕೂಡಿಡಬೇಕು, ಸಂದೇಶ ಪೂರ್ತಿಯಾದ ಮೇಲಷ್ಟೇ ಪಠ್ಯವಾಗಿಸಬೇಕು. ಪೂರ್ತಿಯಾಯಿತೆಂದು ತಿಳಿಯಲು ಇಮೇಲ್ ಸಾಗಿಸುವ ಎಸ್‌ಎಂಟಿಪಿಯಂತೆ ಸಾಲಿನ ಕೊನೆಯ ಗುರುತು ನೋಡಬಹುದು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಆ ಗುರುತಿನ ಬೈಟ್ ಬೇರಾವ ಅಕ್ಷರದ ಒಳಗೂ ಬರುವುದಿಲ್ಲ. ಇಲ್ಲವೇ ವೆಬ್ ಪುಟ ತರುವ ಎಚ್‌ಟಿಟಿಪಿಯಂತೆ ಉದ್ದವನ್ನು ಮೊದಲೇ ಹೇಳಬಹುದು. ಆದರೆ ಹೇಳಬೇಕಾದದ್ದು ಬೈಟ್‌ಗಳ ಲೆಕ್ಕ. ಪೈಥಾನ್‌ನಲ್ಲಿ ‘ನಮಸ್ಕಾರ’ದ ಉದ್ದ ಕೇಳಿದರೆ 7 ಎನ್ನುತ್ತದೆ, ಅದನ್ನೇ ಬರೆದು ಕಳಿಸಿದರೆ ಆಚೆಯವರು ‘ನಮ’ ಓದಿ, ಮೇಲೊಂದು ಬೈಟ್ ತೆಗೆದುಕೊಂಡು ನಿಲ್ಲಿಸುತ್ತಾರೆ.

ಪ್ರೋಗ್ರಾಮ್ ಬರೆಯುವವರು ದಯವಿಟ್ಟು ಇಷ್ಟು ಮಾಡಿ: ಪರೀಕ್ಷೆಯ ಹೊತ್ತಿಗೆ, ಸಾಕೆಟ್‌ನಿಂದ ಒಂದು ಸಲಕ್ಕೆ ಓದುವ ಗಾತ್ರವನ್ನು 5 ಬೈಟ್‌ಗೆ ಇಳಿಸಿ, ಒಂದು ಪ್ಯಾರಾ ಕನ್ನಡ ಕಳಿಸಿ ನೋಡಿ. ತಪ್ಪಿದ್ದರೆ ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತದೆ.