ಶಿಲುಬೆಯ ಹಾದಿಯಲ್ಲಿ ಸಂತೋಷ: ಕಷ್ಟದ ಬಗ್ಗೆ ಕ್ರೈಸ್ತ ಧರ್ಮ ಹೇಳುವುದೇನು?

ಕುದೂರು: ಮಳೆ ಕೈಕೊಟ್ಟ ವರ್ಷ ರಾಗಿ ಹೊಲದ ಬದುವಿನ ಮೇಲೆ ನಿಂತ ರೈತನಿಗೆ ಕಷ್ಟವೆಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಕುದೂರು ಸೀಮೆ ಬಹುಮಟ್ಟಿಗೆ ಮಳೆಯನ್ನೇ ನಂಬಿದ ನೆಲ. ಇಲ್ಲಿಗೆ ಸಮೀಪದ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಸಿದರು. ಹಸಿದವನ ಕಷ್ಟಕ್ಕೆ ಧರ್ಮ ಕೊಡಬಹುದಾದ ಉತ್ತರವೇನೆಂಬುದನ್ನು ಬದುಕಿ ತೋರಿಸಿದರು. ಆದ್ದರಿಂದ ಕಷ್ಟಕ್ಕೂ ಧರ್ಮಕ್ಕೂ ಇರುವ ನಂಟು ಈ ಭಾಗದ ಜನರಿಗೆ ಹೊಸ ವಿಷಯವೇನಲ್ಲ.

ಆದರೆ ಇದೇ ಪ್ರಶ್ನೆಗೆ ಕ್ರೈಸ್ತ ಧರ್ಮ ಕೊಡುವ ಉತ್ತರ ಮೊದಲ ಬಾರಿ ಕೇಳುವವರಿಗೆ ವಿಚಿತ್ರವಾಗಿ ತೋರುತ್ತದೆ. ಕಷ್ಟಗಳ ನಡುವೆಯೂ ಸಂತೋಷಪಡಬೇಕು ಎನ್ನುತ್ತದೆ ಅದು. ಮಗನನ್ನು ಕಳೆದುಕೊಂಡ ತಾಯಿಗೆ, ಸಾಲದಲ್ಲಿ ಮುಳುಗಿದ ಕುಟುಂಬಕ್ಕೆ, ಆಸ್ಪತ್ರೆಯ ಹಾಸಿಗೆಯಲ್ಲಿರುವ ಕ್ಯಾನ್ಸರ್ ರೋಗಿಗೆ ಈ ಮಾತು ಹೇಳಿದರೆ ಗಾಯದ ಮೇಲೆ ಉಪ್ಪು ಸುರಿದಂತಾಗುವುದಿಲ್ಲವೆ? ಪ್ರತಿವರ್ಷ ತಪಸ್ಸುಕಾಲ ಬಂದಾಗ ಚರ್ಚುಗಳಲ್ಲಿ ಕೇಳಿಬರುವ ಈ ಬೋಧನೆಯ ನಿಜವಾದ ಅರ್ಥವೇನು? ಅದರ ಮಿತಿ ಎಲ್ಲಿದೆ? ಇಲ್ಲಿದೆ ಒಂದು ವಿವರಣೆ.

ಹಾರೋಬೆಲೆಯ ಬೆಟ್ಟ

ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಇದೇ ಭಾಗದ ಕನಕಪುರ ತಾಲ್ಲೂಕಿನಲ್ಲಿರುವ ಹಾರೋಬೆಲೆ, ಕನ್ನಡ ಮಾತನಾಡುವ ಕಥೋಲಿಕ ಕ್ರೈಸ್ತರೇ ಹೆಚ್ಚಾಗಿರುವ ಹಳೆಯ ಗ್ರಾಮ. 2019ರ ಡಿಸೆಂಬರ್‌ನಲ್ಲಿ ಇಲ್ಲಿನ ಕಪಾಲಬೆಟ್ಟದ ಮೇಲೆ ಯೇಸುವಿನ ಬೃಹತ್ ಪ್ರತಿಮೆಗೆ ಶಂಕುಸ್ಥಾಪನೆ ನಡೆದು, ಅದು ರಾಜ್ಯವ್ಯಾಪಿ ವಿವಾದಕ್ಕೆ ಕಾರಣವಾದದ್ದು ಓದುಗರಿಗೆ ನೆನಪಿರಬಹುದು. ಆದರೆ ಆ ವಿವಾದಕ್ಕಿಂತ ಬಹಳ ಹಿಂದಿನಿಂದಲೂ ಊರಿನ ಜನ ಶುಭ ಶುಕ್ರವಾರದ ದಿನ ಶಿಲುಬೆಯ ಹಾದಿಯ ಪ್ರಾರ್ಥನೆಗಳನ್ನು ಹೇಳುತ್ತಾ ಈ ಬೆಟ್ಟ ಹತ್ತುತ್ತಾ ಬಂದಿದ್ದಾರೆ. ಯೇಸುವಿನ ಯಾತನೆ ಮತ್ತು ಮರಣವನ್ನು ರಂಗದ ಮೇಲೆ ತರುವ ಇಲ್ಲಿನ ನಾಟಕ ಪರಂಪರೆಗೆ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ.

ಕಪಾಲ ಎಂದರೆ ತಲೆಬುರುಡೆ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಸ್ಥಳದ ಹೆಸರಿಗೂ ಅದೇ ಅರ್ಥ. ಶಿಲುಬೆಯ ಹಾದಿಯಲ್ಲಿ ಒಟ್ಟು 14 ಸ್ಥಳಗಳಿವೆ. ಮರಣದಂಡನೆಯ ತೀರ್ಪಿನಿಂದ ಆರಂಭವಾಗಿ ಸಮಾಧಿಯವರೆಗಿನ ಒಂದೊಂದು ಘಟ್ಟದಲ್ಲೂ ಭಕ್ತರು ನಿಂತು ಪ್ರಾರ್ಥಿಸುತ್ತಾರೆ. ಈ 14ರಲ್ಲಿ ಮೂರು ಸ್ಥಳಗಳು ಯೇಸು ಶಿಲುಬೆಯ ಭಾರಕ್ಕೆ ಕುಸಿದು ಬಿದ್ದದ್ದನ್ನು ನೆನಪಿಸುತ್ತವೆ. ಒಂದರಲ್ಲಿ ಸಿರೇನ್ ಊರಿನ ಸಿಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ. ಮತ್ತೊಂದರಲ್ಲಿ ವೆರೋನಿಕಾ ಎಂಬ ಹೆಣ್ಣುಮಗಳು ಯೇಸುವಿನ ಮುಖ ಒರೆಸುತ್ತಾಳೆ.

ಕ್ರೈಸ್ತರು ಕಷ್ಟವನ್ನು ನೋಡುವ ಬಗೆಯ ಮುಖ್ಯ ಎಳೆ ಇಲ್ಲಿಯೇ ಸಿಗುತ್ತದೆ. ಇಲ್ಲಿ ದೇವರು ನೋವನ್ನು ದೂರದಿಂದ ನೋಡುತ್ತಾ ಕುಳಿತವನಲ್ಲ. ಸ್ವತಃ ನೋವುಂಡು ನೆಲಕ್ಕೆ ಬಿದ್ದವನು. ಆ ಹಾದಿಯಲ್ಲಿ ಅವನಿಗೂ ಇನ್ನೊಬ್ಬರ ಹೆಗಲು ಬೇಕಾಯಿತು. ಬೆಟ್ಟ ಹತ್ತುವ ಭಕ್ತ ತನ್ನ ನೋವನ್ನು ಆ ನೋವಿನ ಪಕ್ಕದಲ್ಲಿ ಇಡುತ್ತಾನೆ. ನೋವು ಮಾಯವಾಗದಿರಬಹುದು, ಆದರೆ ತಾನು ಒಂಟಿ ಎಂಬ ಭಾವ ಕರಗುತ್ತದೆ.

ಸುಖ ಬೇರೆ, ಸಂತೋಷ ಬೇರೆ

ಸಂತ ಪೌಲನು ರೋಮ್ ನಗರದ ವಿಶ್ವಾಸಿಗಳಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಮೆಟ್ಟಿಲುಗಳಂತಹ ಒಂದು ವಿವರಣೆಯಿದೆ. ಕಷ್ಟದಿಂದ ತಾಳ್ಮೆ ಹುಟ್ಟುತ್ತದೆ, ತಾಳ್ಮೆಯಿಂದ ಮನುಷ್ಯನ ಗುಣ ಪರೀಕ್ಷೆಗೆ ಒಳಗಾಗಿ ಗಟ್ಟಿಯಾಗುತ್ತದೆ, ಆ ಗಟ್ಟಿತನದಿಂದ ಭರವಸೆ ಹುಟ್ಟುತ್ತದೆ ಎಂಬುದು ಅದರ ಸಾರಾಂಶ. ಗಮನಿಸಬೇಕಾದ ಅಂಶವೆಂದರೆ, ಕಷ್ಟದಿಂದ ನೇರವಾಗಿ ಭರವಸೆ ಬರುತ್ತದೆಂದು ಪೌಲ ಹೇಳುವುದಿಲ್ಲ. ನಡುವೆ ಎರಡು ಮೆಟ್ಟಿಲುಗಳಿವೆ. ಅವನ್ನು ಹತ್ತಲು ಕಾಲ ಬೇಕು.

ಫಿಲಿಪ್ಪಿ ಪಟ್ಟಣದವರಿಗೆ ಅದೇ ಪೌಲ ಬರೆದ ಪತ್ರ ಪುಟ್ಟದು, ಕೇವಲ ನಾಲ್ಕು ಅಧ್ಯಾಯಗಳದ್ದು. ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಆದರೂ ಅದರಲ್ಲಿ ಸಂತೋಷ, ಆನಂದ ಎಂಬ ಅರ್ಥದ ಪದಗಳು ಮತ್ತೆ ಮತ್ತೆ ಬರುತ್ತವೆ. ಸೆರೆಮನೆ ಅವನಿಗೆ ಸುಖಕರವಾಗಿತ್ತು ಎಂದು ಇದರ ಅರ್ಥವಲ್ಲ. ಸುಖ ಎಂಬುದು ಸನ್ನಿವೇಶವನ್ನು ಅವಲಂಬಿಸಿದೆ. ಸನ್ನಿವೇಶ ಕೆಟ್ಟರೆ ಅದೂ ಕೆಡುತ್ತದೆ. ಪೌಲ ಹೇಳುವ ಸಂತೋಷ ಸಂಬಂಧವನ್ನು ಅವಲಂಬಿಸಿದೆ. ದೇವರು ಕೈಬಿಟ್ಟಿಲ್ಲ ಎಂಬ ನಂಬಿಕೆ, ತನ್ನನ್ನು ನೆನೆಯುವ ಗೆಳೆಯರು ಇದ್ದಾರೆ ಎಂಬ ಅರಿವು, ತನ್ನ ಕೆಲಸ ವ್ಯರ್ಥವಾಗಿಲ್ಲ ಎಂಬ ಸಮಾಧಾನ ಇವು ಅದರ ಬೇರುಗಳು. ಸೆರೆಮನೆಯ ಗೋಡೆ ಈ ಬೇರುಗಳನ್ನು ಕಡಿಯಲಾರದು.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಯೇಸು ಕಷ್ಟವನ್ನು ಬಯಸಿ ಹೋದವನಲ್ಲ. ಬಂಧನಕ್ಕೆ ಮುಂಚಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ, ಸಾಧ್ಯವಾದರೆ ಈ ಯಾತನೆ ತಪ್ಪಲಿ ಎಂದು ಪ್ರಾರ್ಥಿಸಿದನೆಂದು ಶುಭಸಂದೇಶಗಳು ದಾಖಲಿಸುತ್ತವೆ. ಪೌಲ ಕೂಡ ತನ್ನನ್ನು ಮುಳ್ಳಿನಂತೆ ಕಾಡುತ್ತಿದ್ದ ಬಾಧೆ ತೊಲಗಲೆಂದು ಮೂರು ಬಾರಿ ಬೇಡಿಕೊಂಡ. ಆದ್ದರಿಂದ ನೋವೇ ಒಳ್ಳೆಯದು, ಅದನ್ನು ಅರಸಿಕೊಂಡು ಹೋಗಬೇಕು ಎಂಬುದು ಕ್ರೈಸ್ತ ಬೋಧನೆಯಲ್ಲ. ತಪ್ಪಿಸಲಾಗದ ನೋವು ಎದುರಾದಾಗ ಅದು ಮನುಷ್ಯನನ್ನು ಕಹಿಯಾಗಿಸದಂತೆ, ಅದರೊಳಗಿಂದಲೇ ಬೆಳೆಯುವುದು ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮಾಳದಿಂದ ಮುಕ್ತಿಯವರೆಗೆ

ಈ ಬೆಳವಣಿಗೆ ನಿಜ ಜೀವನದಲ್ಲಿ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ ಅವರ ಬದುಕಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಕಾರ್ಕಳ ಬಳಿಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿ ಸಮಾಜದ ವಿರೋಧ ಕಟ್ಟಿಕೊಂಡವರು. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಅವರ ಮಗಳಾಗಿ ರಮಾಬಾಯಿ ಹುಟ್ಟಿದರು.

ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತಾ ಅಲೆಯುತ್ತಿದ್ದ ಕುಟುಂಬವನ್ನು 1870ರ ದಶಕದ ಕ್ಷಾಮ ಮುರಿಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನ ಜೊತೆ ಹಸಿದ ಹೊಟ್ಟೆಯಲ್ಲಿ ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಸತ್ತ. ಅದೇ ವರ್ಷ ಮದುವೆಯಾದ ಬಿಪಿನ್ ಬಿಹಾರಿ ಮೇಧ್ವಿ 1882ರಲ್ಲಿ ಕಾಲರಾಕ್ಕೆ ಬಲಿಯಾದರು. ಇನ್ನೂ ಇಪ್ಪತ್ನಾಲ್ಕು ತುಂಬದ ರಮಾಬಾಯಿ ಕೈಗೂಸು ಮನೋರಮಾಳೊಂದಿಗೆ ವಿಧವೆಯಾದರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಆದರೆ ಅದರ ಮರುದಿನವೇ ಸಂತೋಷ ಉಕ್ಕಿ ಹರಿಯಲಿಲ್ಲ. ತಾವು ಮೊದಲು ಕಂಡುಕೊಂಡದ್ದು ಕ್ರಿಸ್ತನ ಧರ್ಮವನ್ನು, ಕ್ರಿಸ್ತನನ್ನಲ್ಲ ಎಂದು ಅವರೇ ಮುಂದೆ ತಮ್ಮ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾರೆ. ಒಳಗಿನ ನೆಮ್ಮದಿ ಅವರಿಗೆ ದಕ್ಕಿದ್ದು ಸುಮಾರು ಎಂಟು ವರ್ಷಗಳ ನಂತರ. ಅಲ್ಲದೆ, ಅವರ ವಿಶ್ವಾಸ ತಲೆಬಾಗಿಸುವ ವಿಶ್ವಾಸವೂ ಆಗಿರಲಿಲ್ಲ. ತಮಗೆ ಆಶ್ರಯ ನೀಡಿದ್ದ ಆಂಗ್ಲಿಕನ್ ಸನ್ಯಾಸಿನಿಯರ ಜೊತೆಯೂ ತಮ್ಮ ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಪತ್ರಗಳ ಮೂಲಕ ವಾದ ಮಾಡಿದರು.

1889ರಲ್ಲಿ ಬಾಲವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. 1896-97ರ ಕ್ಷಾಮದ ಸುದ್ದಿ ಬಂದಾಗ, ಒಂದು ಕಾಲದಲ್ಲಿ ತಾನೂ ಹಸಿವಿನಲ್ಲಿ ಅಲೆದ ಹುಡುಗಿ ಎಂಬ ನೆನಪು ಅವರನ್ನು ಸುಮ್ಮನಿರಗೊಡಲಿಲ್ಲ. ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಸಮೀಪದ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಆಶ್ರಮವೇ ಮುಕ್ತಿ. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಆಶ್ರಯ ಪಡೆದಿದ್ದರು. ಇಂದಿನ ಕಲಬುರಗಿಯಲ್ಲೂ ಅವರು ಹೆಣ್ಣುಮಕ್ಕಳ ಶಾಲೆ ತೆರೆದರು. ಕೊನೆಗೂ ಕಷ್ಟ ಅವರನ್ನು ಬಿಡಲಿಲ್ಲ. ಬಲಗೈಯಂತಿದ್ದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು. ರಮಾಬಾಯಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಅವರು ಮಾಡಿದ ಬೈಬಲಿನ ಮರಾಠಿ ಅನುವಾದ ಪ್ರಕಟವಾದದ್ದು ಅವರ ಮರಣಾನಂತರ.

ಕ್ಷಾಮ ಒಳ್ಳೆಯದಾಗಿತ್ತು ಎಂದು ಈ ಬದುಕು ಹೇಳುವುದಿಲ್ಲ. ತನ್ನ ಹಸಿವಿನ ನೆನಪನ್ನು ಇನ್ನೊಬ್ಬರ ಅನ್ನವಾಗಿಸಲು ಸಾಧ್ಯ ಎಂದು ಹೇಳುತ್ತದೆ. ಕ್ರೈಸ್ತರು ಆಧ್ಯಾತ್ಮಿಕ ಬೆಳವಣಿಗೆ ಎನ್ನುವುದು ಇದನ್ನೇ.

ಬೆಳವಣಿಗೆ ನಡೆಯುವುದು ಹೇಗೆ?

ಮನಶ್ಶಾಸ್ತ್ರವೂ ಈ ವಿಷಯವನ್ನು ಪರಿಶೀಲಿಸಿದೆ. ಅಮೆರಿಕದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೌನ್ 1990ರ ದಶಕದಲ್ಲಿ ಆಘಾತೋತ್ತರ ಬೆಳವಣಿಗೆ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಬದುಕಿನ ಬಗ್ಗೆ ಕೃತಜ್ಞತೆ, ಹತ್ತಿರದವರೊಡನೆ ಗಾಢವಾದ ಸಂಬಂಧ, ಒಳಗಿನ ಬಲ, ಹೊಸ ದಾರಿಗಳು, ಆಧ್ಯಾತ್ಮಿಕ ಬದಲಾವಣೆ ಈ ಐದು ಕ್ಷೇತ್ರಗಳಲ್ಲಿ ಕೆಲವರು ಬೆಳೆಯುತ್ತಾರೆಂದು ಗುರುತಿಸಿದರು. ಆಘಾತವೇ ಮನುಷ್ಯನನ್ನು ಬೆಳೆಸುವುದಿಲ್ಲ, ಆಘಾತದ ನಂತರದ ಹೋರಾಟ ಬೆಳೆಸುತ್ತದೆ; ಬೆಳವಣಿಗೆಯ ಜೊತೆಯಲ್ಲೇ ದುಃಖವೂ ಇರಬಹುದು ಎಂಬುದು ಅವರ ಸ್ಪಷ್ಟನೆ.

ಕ್ರೈಸ್ತ ಸಂಪ್ರದಾಯ ಈ ಹೋರಾಟಕ್ಕೆ ಕೆಲವು ಸಾಧನಗಳನ್ನು ಕೊಡುತ್ತದೆ. ಮೊದಲನೆಯದು ಪ್ರಲಾಪ. ಬೈಬಲಿನ 150 ಕೀರ್ತನೆಗಳಲ್ಲಿ ದೊಡ್ಡ ಪಾಲು ದೇವರ ಮುಂದೆ ಅಳುವ, ದೂರುವ, ಪ್ರಶ್ನಿಸುವ ಕೀರ್ತನೆಗಳು. ಅಳುವುದು ಅವಿಶ್ವಾಸವಲ್ಲ, ದೇವರಲ್ಲಿ ದೂರುವವನು ದೇವರನ್ನು ಬಿಟ್ಟುಹೋದವನಲ್ಲ. ಎರಡನೆಯದು ಸಭೆ, ಅಂದರೆ ಜೊತೆಗಾರರು. ಸಾವಿನ ಮನೆಗೆ ಊಟ ತರುವವರು, ಆಸ್ಪತ್ರೆಯಲ್ಲಿ ರಾತ್ರಿ ಕಾಯುವವರು ಸಿಮೋನನ ಕೆಲಸವನ್ನೇ ಮಾಡುತ್ತಾರೆ. ಮೂರನೆಯದು ಸೇವೆ. ತಪಸ್ಸುಕಾಲದ ಉಪವಾಸದ ಜೊತೆಗೆ ಪ್ರಾರ್ಥನೆ ಮತ್ತು ದಾನವೂ ಸೇರಿವೆ. ತಾನು ಬಿಟ್ಟ ಊಟ ಇನ್ನೊಬ್ಬನ ತಟ್ಟೆ ತಲುಪದಿದ್ದರೆ ಆ ಉಪವಾಸ ಅಪೂರ್ಣ.

ಎಚ್ಚರಿಕೆ ಎಲ್ಲಿ ಬೇಕು?

ಈ ಬೋಧನೆಯನ್ನು ತಪ್ಪಾಗಿ ಬಳಸುವ ಅಪಾಯ ಸದಾ ಇದೆ. ಹಳೆಯ ಒಡಂಬಡಿಕೆಯ ಯೋಬನ ಕಥೆ ಇದಕ್ಕೆ ಒಳ್ಳೆಯ ಪಾಠ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಬಳಿ ಬಂದ ಗೆಳೆಯರು ಏಳು ದಿನ ಮೌನವಾಗಿ ಕುಳಿತಿದ್ದರು. ಅದು ಅವರು ಮಾಡಿದ ಅತ್ಯುತ್ತಮ ಕೆಲಸ. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ವಿವರಿಸತೊಡಗಿದಾಗ ತಪ್ಪಿದರು. ಕಥೆಯ ಕೊನೆಯಲ್ಲಿ ದೇವರು ಗದರಿಸುವುದು ಆ ಗೆಳೆಯರನ್ನು.

ಎಲ್ಲ ನಷ್ಟಕ್ಕೂ ಕಣ್ಣಿಗೆ ಕಾಣುವ ಫಲ ಇರುವುದಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಕ್ರೈಸ್ತರು ಗೊರೂರಿನ ಹೇಮಾವತಿ ಜಲಾಶಯಕ್ಕಾಗಿ ತಮ್ಮ ಊರನ್ನೇ ಬಿಟ್ಟುಕೊಟ್ಟು ಬೇರೆಡೆ ನೆಲೆಸಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಅಲ್ಲಿನ ಚರ್ಚು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಪಾಳುಗೋಡೆಗಳಾಗಿ ನಿಲ್ಲುತ್ತದೆ. ಪ್ರವಾಸಿಗರಿಗೆ ಅದು ಸುಂದರ ಚಿತ್ರ. ಅಲ್ಲಿ ಮದುವೆಯಾದವರಿಗೆ, ಹೆತ್ತವರನ್ನು ಮಣ್ಣುಮಾಡಿದವರಿಗೆ ಅದು ಕಳೆದುಹೋದ ಊರು. ಅಂಥವರಿಗೆ ಸಂತೋಷಪಡಿ ಎಂದು ಹೇಳುವ ಅಧಿಕಾರ ಹೊರಗಿನವರಿಗಿಲ್ಲ.

ಹಾಗೆಯೇ ಗಂಡನ ಹೊಡೆತ ತಿನ್ನುವ ಹೆಣ್ಣಿಗೆ, ಕೂಲಿ ಸಿಗದ ಕಾರ್ಮಿಕನಿಗೆ ಇದು ನಿನ್ನ ಶಿಲುಬೆ, ಹೊತ್ತುಕೋ ಎನ್ನುವುದು ಬೋಧನೆಯಲ್ಲ, ಅನ್ಯಾಯಕ್ಕೆ ಕೊಡುವ ಬೆಂಬಲ. ತಡೆಯಬಹುದಾದ ನೋವನ್ನು ತಡೆಯಬೇಕು. ಖಿನ್ನತೆಯೂ ವಿಶ್ವಾಸದ ಕೊರತೆಯಲ್ಲ, ಅದೊಂದು ಕಾಯಿಲೆ. ಪ್ರಾರ್ಥನೆಯ ಜೊತೆಗೆ ವೈದ್ಯರ ನೆರವೂ ಬೇಕು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪಾಸ್ಖದ ಬೆಳಕು

ಶುಭ ಶುಕ್ರವಾರದ ಮರುದಿನ ರಾತ್ರಿ ಕಥೋಲಿಕ ಚರ್ಚುಗಳಲ್ಲಿ ದೀಪಗಳನ್ನೆಲ್ಲ ಆರಿಸಲಾಗುತ್ತದೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಒಂದು ದೊಡ್ಡ ಮೇಣದ ಬತ್ತಿ ಬೆಳಗಿಸುತ್ತಾರೆ. ಆ ಬತ್ತಿಯಿಂದ ಒಬ್ಬರು, ಅವರಿಂದ ಪಕ್ಕದವರು ಹೀಗೆ ಬೆಳಕು ಕೈಯಿಂದ ಕೈಗೆ ಸಾಗಿ ಕತ್ತಲ ಚರ್ಚು ತುಂಬುತ್ತದೆ. ಆ ಮೇಣದ ಬತ್ತಿಯ ಮೇಲೆ ಯೇಸುವಿನ ಐದು ಗಾಯಗಳ ಗುರುತಾಗಿ ಧೂಪದ ಐದು ಕಣಗಳನ್ನು ಚುಚ್ಚಿರುತ್ತಾರೆ. ಪುನರುತ್ಥಾನದ ನಂತರವೂ ಗಾಯದ ಗುರುತು ಅಳಿಸಿಹೋಗಿಲ್ಲ ಎಂಬುದು ಅದರ ಅರ್ಥ.

ಕಷ್ಟದ ನಡುವೆ ಸಂತೋಷ ಎಂಬ ಮಾತನ್ನು ಕ್ರೈಸ್ತರು ಹೇಳುವುದು ಈ ಅರ್ಥದಲ್ಲಿ. ಗಾಯ ಇಲ್ಲವೆಂದು ನಟಿಸಬೇಕಾಗಿಲ್ಲ. ಗಾಯವಿದ್ದೂ ಪಕ್ಕದವರ ಬತ್ತಿಗೆ ಬೆಳಕು ಕೊಡಲು ಸಾಧ್ಯವಾದರೆ, ಅದೇ ಆ ಸಂತೋಷದ ಆರಂಭ.