ಪರದೇಶಿಯ ಸಂತೆಚೀಲ

ಪರನಾಡಿನಲ್ಲಿ ನೆಲೆಸಿದವರಿಗೆ ತವರಿನ ನೆನಪು ಹೆಚ್ಚಾಗಿ ಕಾಡುವುದು ತರಕಾರಿ ಕೊಳ್ಳಲು ಹೋದಾಗ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಇಸ್ರಯೇಲರು ಮರುಭೂಮಿಯಲ್ಲಿ ಹಂಬಲಿಸಿದ್ದು ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳಿಗಾಗಿ ಎಂದು ಸಂಖ್ಯಾಕಾಂಡ ತಿಳಿಸುತ್ತದೆ. ಅವರನ್ನು ಗೊಣಗುವವರೆಂದು ನಾವು ಹಳಿಯುವುದುಂಟು. ಕುವೈತಿನಲ್ಲಿ ಕರಿಬೇವು ಹುಡುಕಿ ಅಲೆದವರು ಹಾಗೆ ಹಳಿಯಲಾರರು.

ಈ ಹಂಬಲವನ್ನು ಕಾಣಲು ಕೊಲ್ಲಿ ರಾಷ್ಟ್ರಗಳಿಗೆ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ 1960ರ ಕೊನೆಯಲ್ಲಿ ಟಿಬೆಟಿನ ನಿರಾಶ್ರಿತರು ಬಂದಿಳಿದರು. ಅಂದಿನ ಮೈಸೂರು ಸರ್ಕಾರ ಅವರಿಗೆ ಸುಮಾರು 3,000 ಎಕರೆ ಕಾಡುಭೂಮಿಯನ್ನು ಒದಗಿಸಿತು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅವರ ವಸತಿ ಎದ್ದಿತು. ಹುರಿದ ಜವೆಗೋಧಿಯ ಹಿಟ್ಟು, ಚಮರೀಮೃಗದ ಬೆಣ್ಣೆ ಬೆರೆಸಿದ ಉಪ್ಪಿನ ಚಹಾ ಅವರ ನಾಡಿನ ಆಹಾರ. ಇಲ್ಲಿಯ ಹೊಲದಲ್ಲಿ ಕೈಹಿಡಿದದ್ದು ಮುಸುಕಿನ ಜೋಳ. ಅದನ್ನೂ ಕಾಡಾನೆಗಳಿಂದ ಕಾಯಬೇಕು.

ನಮ್ಮ ಸಂತೆಯಲ್ಲಿ ಮೂಲಂಗಿ ಅವರಿಗೆ ಹಳೆಯ ಪರಿಚಯ. ನುಗ್ಗೆ, ಹುಣಸೆ, ಅವರೆಯ ಸೊಗಡು ಹೊಸತು. ಭಾಷೆ ಬಾರದವರು ಬೆರಳು ತೋರಿಸಿಯೇ ಕೊಳ್ಳಬೇಕು. ಬೆಲೆ ನ್ಯಾಯವೋ, ತಕ್ಕಡಿ ಸರಿಯೋ ಎಂದು ಕೇಳಲು ಬಾಯಿಲ್ಲ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ, ಪರದೇಶಿಯನ್ನು ಸ್ವದೇಶಿಯಂತೆಯೇ ಪ್ರೀತಿಸಬೇಕೆಂಬ ವಿಧಿಯ ಬೆನ್ನಿಗೇ ತಕ್ಕಡಿ, ತೂಕದ ಕಲ್ಲು, ಅಳತೆಗಳು ನ್ಯಾಯವಾಗಿರಬೇಕೆಂಬ ವಿಧಿ ಬರುತ್ತದೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸಂತೆಯಲ್ಲಿ ಓಡಾಡಿದವರಿಗೆ ಈ ಎರಡು ವಿಧಿಗಳ ನಂಟು ಸುಲಭವಾಗಿ ಅರ್ಥವಾಗುತ್ತದೆ.

1952ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್‌ರವರು ಹೊರಡಿಸಿದ ‘ಎಕ್ಸುಲ್ ಫಮೀಲಿಯಾ’ ಪ್ರೇಷಿತ ಸಂವಿಧಾನವು, ಈಜಿಪ್ಟಿಗೆ ಪಲಾಯನಗೈದ ಪವಿತ್ರ ಕುಟುಂಬವನ್ನು ಎಲ್ಲ ನಿರಾಶ್ರಿತ ಕುಟುಂಬಗಳ ಮೂಲಮಾದರಿಯೆಂದು ಕರೆಯಿತು. ನಮ್ಮ ಮನೆಗಳ ಚಿತ್ರಪಟಗಳಲ್ಲಿ ಕಾಣುವುದು ಕತ್ತೆಯ ಮೇಲಿನ ಪಯಣ ಮಾತ್ರ. ತಲುಪಿದ ಮೇಲೆ ಮಾತೆ ಮರಿಯಮ್ಮನವರು ಅಲ್ಲಿಯ ಸಂತೆಯಲ್ಲಿ ಯಾರ ಬಳಿ ಸೊಪ್ಪು ಕೊಂಡರೋ, ತೂಕ ಸರಿಯಾಗಿ ಸಿಕ್ಕಿತೋ, ಶುಭಸಂದೇಶಕಾರರು ಹೇಳುವುದಿಲ್ಲ.

ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಕಡೆಯ ತಾಯಿಯೊಬ್ಬಳು ವಿದೇಶದಲ್ಲಿ ದಾದಿಯಾಗಿರುವ ಮಗಳಿಗೆ ಫೋನಿನಲ್ಲಿ ಮೊದಲು ಕೇಳುವುದೇ, ಅಲ್ಲಿ ಸೊಪ್ಪು ಸಿಗುತ್ತದೆಯೇ, ಅಂಗಡಿಯವರು ಒಳ್ಳೆಯವರೇ ಎಂದು. ಬೈಲುಕುಪ್ಪೆಯಲ್ಲಿ ಹುಟ್ಟಿ ಬೆಳೆದ ಟಿಬೆಟನ್ನರು ಇಂದು ಕನ್ನಡದಲ್ಲಿಯೇ ಚೌಕಾಸಿ ಮಾಡಿ ಕೊಸರು ಕೇಳುತ್ತಾರೆ. ಹಿರಿಯರಲ್ಲಿ ಬೆರಳಿನಲ್ಲಿಯೇ ವ್ಯಾಪಾರ ಮುಗಿಸುವವರು ಈಗಲೂ ಉಂಟು. ಅಂಥವರ ಚೀಲಕ್ಕೆ, ಕೇಳದೆಯೇ, ಇನ್ನೊಂದು ಕಟ್ಟು ಸೊಪ್ಪು ಹಾಕುವ ವ್ಯಾಪಾರಿಗಳೂ ಉಂಟು.