ಬೆಳಗಿನ ಜಾವ ಸಿಗಡಿಗೆ ಉಸಿರು ಕಟ್ಟುವುದು ಏಕೆ?

ಹೊಳೆ ಕಡಲು ಸೇರುವ ಕಡೆ ಹೊಂಡ ಮಾಡಿ ಸಿಗಡಿ ಸಾಕುವವರು ನಮ್ಮ ಕಾಸರಗೋಡಿನಲ್ಲಿ ಇದ್ದಾರೆ. ತುಳುವಿನಲ್ಲಿ ಎಟ್ಟಿ, ಮಲಯಾಳದಲ್ಲಿ ಚೆಮ್ಮೀನ್. ಹೆಸರು ಯಾವುದಾದರೂ ಅದಕ್ಕೂ ಉಸಿರು ಬೇಕು.

ಸಂಜೆ ಚುರುಕಾಗಿದ್ದ ಸಿಗಡಿ ಬೆಳಗ್ಗೆ ನೋಡುವಾಗ ಸತ್ತು ಬಿದ್ದಿರುತ್ತದೆ. ಸಾಲ ಮಾಡಿ ಹಾಕಿದ ಬೆಳೆ ಒಂದೇ ರಾತ್ರಿಯಲ್ಲಿ ಹೋಯಿತು! ಯಾರೋ ವಿಷ ಹಾಕಿದರು ಅಂತ ಜಗಳವೂ ಆಗ್ತದೆ. ಎಷ್ಟೋ ಸಲ ವಿಷ ಅಲ್ಲ, ನೀರಿನಲ್ಲಿ ಆಮ್ಲಜನಕ ಮುಗಿದದ್ದೇ ಕಾರಣ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಉಂಟು. ನಮ್ಮ ಸೆಖೆಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹಿಡಿದುಕೊಳ್ಳುವುದು 7 ಮಿಲಿಗ್ರಾಂ ಹತ್ತಿರ ಮಾತ್ರ. ಸಿಗಡಿಗೆ 4ಕ್ಕಿಂತ ಮೇಲೆ ಇರಬೇಕು. 2ಕ್ಕೆ ಇಳಿದರೆ ಜೀವಕ್ಕೆ ಅಪಾಯ.

ಹೊಂಡದ ನೀರು ಹಸಿರಾಗಿರುವುದು ಪಾಚಿಯಿಂದ. ಹಗಲು ಬಿಸಿಲಿನಲ್ಲಿ ಪಾಚಿ ಇಂಗಾಲದ ಡೈ ಆಕ್ಸೈಡನ್ನು ತೆಗೆದುಕೊಂಡು ಆಮ್ಲಜನಕ ಕೊಡುತ್ತದೆ. ರಾತ್ರಿ ಬೆಳಕಿಲ್ಲ, ಈ ಕೆಲಸ ನಿಲ್ಲುತ್ತದೆ. ಆದರೆ ಪಾಚಿಯ ಉಸಿರಾಟ ನಿಲ್ಲುವುದಿಲ್ಲ. ಸಿಗಡಿ, ಪಾಚಿ, ಕೆಸರಿನಲ್ಲಿ ಕೊಳೆಯುವ ತಿಂಡಿ, ಎಲ್ಲವೂ ಅದೇ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಇಂಗಾಲದ ಡೈ ಆಕ್ಸೈಡ್ ಏರುತ್ತದೆ. ಇದು ಏರಿದಷ್ಟೂ ಸಿಗಡಿಗೆ ಉಳಿದ ಆಮ್ಲಜನಕ ಹೀರುವುದು ಕಷ್ಟ. ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಪರಿಸ್ಥಿತಿ ತೀರಾ ಕೆಟ್ಟಿರುತ್ತದೆ.

ಹಾಗಾದರೆ ನೀರು ಹೆಚ್ಚು ಹಸಿರಾದಷ್ಟೂ ಒಳ್ಳೆಯದೇ? ಅಲ್ಲ. ಹಗಲು ಹೆಚ್ಚು ಕೊಟ್ಟ ಪಾಚಿ ರಾತ್ರಿ ಹೆಚ್ಚು ತಿನ್ನುತ್ತದೆ. ಒಂದು ಬಿಳಿ ತಟ್ಟೆಗೆ ಭಾರ ಕಟ್ಟಿ, ಅಳತೆಯ ಹಗ್ಗದಲ್ಲಿ ಇಳಿಸಿ ನೋಡಿ. 30ರಿಂದ 40 ಸೆಂಟಿಮೀಟರ್ ಆಳದಲ್ಲಿ ಕಾಣದೆ ಹೋದರೆ ಪಾಚಿ ಹದವಾಗಿದೆ. 20ರೊಳಗೆ ಕಾಣದಾದರೆ ಜಾಸ್ತಿಯಾಗಿದೆ, ಸ್ವಲ್ಪ ನೀರು ಬದಲಿಸಬೇಕು. ಮಣ್ಣು ಕಲಕಿದ ನೀರಿಗೆ ಈ ಲೆಕ್ಕ ಹಿಡಿಯುವುದಿಲ್ಲ.

ಮೋಡದ ದಿನ ಇನ್ನೂ ಜಾಗ್ರತೆ ಬೇಕು. ಹಗಲಿನ ಗಳಿಕೆಯೇ ಕಡಿಮೆ, ರಾತ್ರಿಗೆ ಸಾಲುವುದಿಲ್ಲ. ಅಂಥ ದಿನ ತಿಂಡಿ ಕಡಿಮೆ ಹಾಕಿ. ನೀರು ಚಿಮ್ಮಿಸುವ ಏರೇಟರ್ ಯಂತ್ರವನ್ನು ಬೇಗನೆ ಶುರು ಮಾಡಿ. ನೀರು ಕುಲುಕಿದರೆ ಆಮ್ಲಜನಕ ಒಳಗೆ ಬರುತ್ತದೆ, ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗುತ್ತದೆ. ಕೆಲವರು ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿಯೇ ಯಂತ್ರ ನಿಲ್ಲಿಸುತ್ತಾರೆ. ಉಳಿಸುವುದಾದರೆ ಬಿಸಿಲಿನ ಹೊತ್ತಿನಲ್ಲಿ ಉಳಿಸಿ, ನಡುರಾತ್ರಿಯಿಂದ ಬೆಳಗಿನವರೆಗೆ ಬೇಡ.

ಪೇಟೆ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಗಿಡ ನೆಟ್ಟು ಪುಟ್ಟ ಸಿಗಡಿ ಸಾಕುತ್ತಾರಲ್ಲ, ಅಲ್ಲೂ ಇದೇ ಕಥೆ. ಗಿಡ ಬೇಗ ಬೆಳೆಯಲಿ ಅಂತ ಕೆಲವರು ಸಿಲಿಂಡರಿನಿಂದ ಇಂಗಾಲದ ಡೈ ಆಕ್ಸೈಡ್ ಬಿಡುತ್ತಾರೆ. ದೀಪ ಆರಿಸಿದ ಮೇಲೆ ಅದನ್ನೂ ನಿಲ್ಲಿಸಬೇಕು, ಗುಳ್ಳೆ ಬಿಡುವ ಪಂಪು ಹಾಕಬೇಕು.

ಸಿಗಡಿಗಳು ಮೇಲೆ ಬಂದು ದಂಡೆಯ ಬದಿ ಗುಂಪು ಕಟ್ಟಿದರೆ ಉಸಿರು ಸಾಲುತ್ತಿಲ್ಲ ಅಂತ ತಿಳಿಯಿರಿ. ತಿಂಡಿ ಹಾಕಬೇಡಿ. ಏರೇಟರ್ ಓಡಿಸಿ. ಕರೆಂಟ್ ಇಲ್ಲದಿದ್ದರೆ ಡೀಸೆಲ್ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸಿ. ಆಮ್ಲಜನಕ ಅಳೆಯುವ ಮೀಟರ್ ಸಿಕ್ಕಿದರೆ ಬೆಳಗ್ಗೆ 5 ಗಂಟೆಗೆ ಅಳೆಯಿರಿ. ಮಧ್ಯಾಹ್ನ 9 ತೋರಿಸಿದ ಹೊಂಡದಲ್ಲೇ ಆಗ 2 ಇರಬಹುದು.